ಬೋಣಿಗೆ ಬಂದ ಬ್ಯಾಗು

ಮತ್ತೆ ಅದೇ ಕೆಂಪು ಪಟ್ಟಿಯ ಬ್ಯಾಗು, ಟಾರ್ಪಾಲಿನ ತೂತಿನಿಂದ ಇಳಿದ ಬಿಸಿಲು ಅದರ ಕೊಂಡಿಯ ಮೇಲೇ ಬಿದ್ದು ಕಣ್ಣು ಕುಕ್ಕುತ್ತಿದೆ, ಚೆಂದವೇನೋ ಹೌದು, ಆದರೆ ಒಳಗೆ ಏನು ಹಿಡಿಸೀತು, ಒಂದು ಫೋನು, ಒಂದು ಲಿಪ್‌ಸ್ಟಿಕ್ಕು, ಮುಗಿಯಿತು — ಈ ಬ್ಯಾಗು ಹೊಲಿಯುವವರಿಗೆ ಹೆಂಗಸರು ದುಡಿಯಲು ಹೋಗುತ್ತಾರೆಂದು ಯಾರೂ ಹೇಳಲೇ ಇಲ್ಲವೇ, ಅಂದವಿದ್ದರೆ ಜಾಗವಿಲ್ಲ, ಜಾಗವಿದ್ದರೆ ಮೂಟೆಯಂತಿರುತ್ತದೆ, ಎರಡೂ ಇದ್ದರೆ ಬೆಲೆ ಕೇಳಿಯೇ ಜ್ವರ ಬರುತ್ತದೆ. ಲಾಗೋಸಿನ ಯಾಬಾ ಮಾರುಕಟ್ಟೆ ಇನ್ನೂ ಪೂರ್ತಿ ಕಣ್ಣು ಬಿಟ್ಟಿಲ್ಲ, ಹಳೆಯ ಬ್ಯಾಗುಗಳ ಸಾಲಿನಲ್ಲಿ ಈಗಷ್ಟೇ ಮೂಟೆ ಬಿಚ್ಚುತ್ತಿದ್ದಾರೆ, ಯಾವ ಯಾವ ದೇಶದ ಹೆಂಗಸರ ಪೌಡರಿನ ವಾಸನೆ, ನುಸಿಗುಳಿಗೆಯ ವಾಸನೆ, ನನ್ನ ಕೈಯಲ್ಲಿ ಪ್ಲಾಸ್ಟಿಕ್ ಕವರು, ಅದರಲ್ಲಿ ಎದೆಹಾಲು ತೆಗೆಯುವ ಪಂಪು ಮತ್ತು ಬಾಟಲಿ, ಅಳತೆಗೆಂದು ತಂದದ್ದು, ಪಾದ ಇಟ್ಟು ನೋಡಿ ಚಪ್ಪಲಿ ಕೊಳ್ಳುವ ಹಾಗೆ — ಸೋಮವಾರ ಬೆಳಿಗ್ಗೆ ವಿಮಾ ಕಚೇರಿಯ ಮುಂದಿನ ಮೇಜಿನಲ್ಲಿ ರಿಸೆಪ್ಷನಿಸ್ಟ್ ಆಗಿ ಕೂರಬೇಕು, ಕೆಲಸದ ಮೊದಲ ದಿನ, ಮುಂದಿನ ಮೇಜು ಅಂದ್ರೆ ಆಫೀಸಿನ ಮುಖ ಕಣಮ್ಮಾ, ಉಗುರು, ಕೂದಲು, ಬ್ಯಾಗು ಎಲ್ಲಾ ಸೇರಿ ಮುಖ, ಎಂದಿದ್ದರು ಕೆಲಸ ಕೊಟ್ಟ ಮಿಸೆಸ್ ಎಟಿಯೆಬೆಟ್, ಪ್ಲಾಸ್ಟಿಕ್ ಕವರು ಹಿಡ್ಕೊಂಡು ಬಂದವಳನ್ನ ಗೇಟಿಂದಲೇ ವಾಪಸ್ ಕಳಿಸಿದ್ದೀನಿ, ಆಮೇಲೆ ಕನ್ನಡಕ ಕೆಳಗಿಳಿಸಿ, ಮಕ್ಕಳಿದ್ದಾವಾ, ಹಿಂದೆ ಇದ್ದವಳಿಗೆ ಹಸುಗೂಸು, ದಿನಾ ಒಂದು ರಗಳೆ, ಅದಕ್ಕೇ ತೆಗೆದೆ, ಮತ್ತು ನಾನು, ಇಲ್ಲ ಮೇಡಂ, ಮಕ್ಕಳಿಲ್ಲ. ಐದು ತಿಂಗಳ ಕೂಸನ್ನು ಅತ್ತೆಯ ಬೆನ್ನಿಗೆ ಕಟ್ಟಿ ಹೋದವಳು ಹಾಗೆಂದೆ. ನಮ್ಮಲ್ಲಿ ತಾಯಿಯಾದವಳು ತಮಾಷೆಗೂ ಆ ಮಾತು ಆಡುವುದಿಲ್ಲ, ಬಾಯಿಂದ ಬಿದ್ದದ್ದನ್ನು ಯಾವುದೋ ಕೇಳಿಸಿಕೊಂಡು ನಿಜ ಮಾಡಿಬಿಡುತ್ತದೆ ಎನ್ನುತ್ತಾರೆ, ಅತ್ತೆಗೆ ಗೊತ್ತಾದರೆ ನನ್ನ ಬಾಯಿಗೆ ಉಪ್ಪು ಹಾಕಿ ತೊಳೆಸಿಯಾರು, ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಆದರೆ ಸಂಬಳ ಬೇಕು, ಹಾಲೂ ಬೇಕು, ಡಬ್ಬಿ ಹಾಲು ಕುಡಿದರೆ ಮಗಳು ಮೊರೆನಿಕೆಯ ಪುಟ್ಟ ಹೊಟ್ಟೆ ತಮಟೆಯಾಗುತ್ತದೆ, ಮಧ್ಯಾಹ್ನ ಕಚೇರಿಯ ಶೌಚಾಲಯದಲ್ಲಿ ಚಿಲಕ ಹಾಕಿಕೊಂಡು ಹಾಲು ತೆಗೆಯಬೇಕು, ಬಾಟಲಿ ನೆಟ್ಟಗೆ ನಿಲ್ಲುವ, ಜಿಪ್ಪು ಪೂರ್ತಿ ಮುಚ್ಚುವ, ಕಂಡವರ ಕಣ್ಣಿಗೆ ಮೇಡಂಗಳ ಬ್ಯಾಗಿನಂತೆಯೇ ಕಾಣುವ ಒಂದು ಬ್ಯಾಗು ಬೇಕು, ಇವತ್ತೇ ಬೇಕು.

ಅಗೋ ಕಪ್ಪಗಿನದು, ತಳ ಗಟ್ಟಿ, ಅಂಚಿಗೆ ಬಂಗಾರದ ಬಣ್ಣದ ಒಂದೇ ಗೆರೆ, ಅದು ಕೂತಿರುವ ಗತ್ತು ನೋಡು, ಎಷ್ಟಮ್ಮಾ ಇದು, ಬಾಯಿ ಜಾರಿತು, ಜಾರಿದ ಮೇಲೆ ಕಂಡಿತು, ಅಂಗಡಿಯವಳು ಗುಡಿಸಿದ ಪೊರಕೆಯನ್ನು ಇನ್ನೂ ಕೆಳಗಿಟ್ಟಿಲ್ಲ, ಮಾಮಾ ಎಬುಬೆ, ನಿಂಗೆ ಬೋಣಿ ಬಂತು ನೋಡು, ಎಂದು ಪಕ್ಕದ ಅಂಗಡಿಯವಳು ಕೂಗುತ್ತಾಳೆ, ಎಬುಬೆಯ ಅಮ್ಮನಿಗೆ ಇಲ್ಲಿ ಅದೇ ಹೆಸರು — ಲಾಗೋಸಿನಲ್ಲೇ ಹುಟ್ಟಿ ಬೆಳೆದವಳು ನಾನು, ಕೊಳ್ಳುವ ಮನಸ್ಸು ಗಟ್ಟಿಯಿಲ್ಲದೆ ಬೋಣಿಗೆ ಮುಂಚೆ ಬೆಲೆ ಕೇಳಬಾರದೆಂದು ಹಾಲುಹಲ್ಲು ಬೀಳುವ ಮೊದಲೇ ಕಲಿತವಳು, ಎಲ್ಲಿಟ್ಟಿದ್ದೆ ಬುದ್ಧಿಯನ್ನು. ಬಾ ಚೆಲುವೆ, ನಿನ್ ಮುಖ ನೋಡಿದ್ರೇನೇ ಗೊತ್ತಾಗತ್ತೆ ನಿನ್ ಕೈ ಒಳ್ಳೇದು ಅಂತ, ಆಕೆ ಬೆಲೆ ಹೇಳಿದಳು, ನಾನು ಅರ್ಧಕ್ಕಿಂತ ಕಡಿಮೆಗೆ ಕೇಳಿದೆ, ಬೈಯುತ್ತಾಳೆ, ಬೈಸಿಕೊಂಡು ಜಾಗ ಖಾಲಿ ಮಾಡೋಣ ಎಂದು — ತಗೋ, ಎಂದಳು. ಬೋಣಿ ಅಂತ ಕೊಡ್ತಿದೀನಿ, ಬೇರೆ ಹೊತ್ತಲ್ಲಾದ್ರೆ ಆ ರೇಟಿಗೆ ಇದ್ರ ಜಿಪ್ಪೂ ಬರಲ್ಲ. ಪ್ಲಾಸ್ಟಿಕ್ ಕವರನ್ನು ಅಡ್ಡ ಹಿಡಿದು ಪಂಪು, ಬಾಟಲಿ ಎರಡನ್ನೂ ಬ್ಯಾಗಿಗೆ ಇಳಿಸಿದೆ, ಪಂಪು ಕೂತಿತು, ಬಾಟಲಿ ನಿಂತಿತು, ಜಿಪ್ಪು ಸರಾಗವಾಗಿ ಬಂದು ಬಾಟಲಿಯ ಬಿಳಿ ಮುಚ್ಚಳಕ್ಕೆ ತಗುಲಿ ನಿಂತಿತು, ಎರಡು ಬೆರಳಷ್ಟು ಬಾಯಿ ತೆರೆದೇ ಉಳಿಯಿತು. ಬೇಡಮ್ಮಾ. ಏನು ಬೇಡ? ಚಿಕ್ಕದಾಯ್ತು. ನೀನು ಕೇಳಿದ ರೇಟಿಗೆ ಹೂಂ ಅಂದಿದೀನಿ, ಬೋಣಿ ಮುರಿದು ಹೋಗ್ತೀಯಾ, ನಿಮ್ಮನೇಲಿ ದೊಡ್ಡೋರು ಯಾರೂ ಇಲ್ವಾ? ಇದ್ದಾರೆ ತಾಯಿ, ಕೂಸು ಹೊತ್ತುಕೊಂಡು ಗಡಿಯಾರ ನೋಡುತ್ತಿದ್ದಾರೆ, ಎಂದು ಒಳಗೇ ಅಂದುಕೊಂಡು ಸಾಮಾನು ಬಾಚಿಕೊಂಡು ಹೊರಟೆ, ಬೆನ್ನ ಹಿಂದೆ ಕಡ್ಡಿ ಗೀರಿದ ಸದ್ದು, ತಿರುಗಬಾರದಿತ್ತು, ತಿರುಗಿದೆ, ಹಳೆಯ ಪೇಪರನ್ನು ಸುರುಳಿ ಸುತ್ತಿ ಹೊತ್ತಿಸಿ ಬ್ಯಾಗುಗಳಿಗೆಲ್ಲ ನಿವಾಳಿಸುತ್ತಿದ್ದಾಳೆ, ಉರಿಯುವ ಚೂರನ್ನು ನಾನು ನಡೆದ ದಾರಿಗೇ ಝಾಡಿಸಿದಳು, ಸಾಲಿಗೆ ಸಾಲೇ ನೋಡಿತು. ಮುಂದಿನ ಅಂಗಡಿ, ಆ ಕಂದು ಬಣ್ಣದ್ದು ತೋರಿಸ್ತೀರಾ, ಮೊದ್ಲು ಮಾಮಾ ಎಬುಬೆ ಹತ್ರ ಮುಗಿಸ್ಕೊಂಡು ಬಾಮ್ಮಾ. ಅದರ ಮುಂದಿನದು, ನನ್ನ ಬೋಣೀನೂ ಆಗಿಲ್ಲ ಸಿಸ್ಟರ್, ಸ್ವಲ್ಪ ದೂರ ನಿಂತ್ಕೊ. ಇನ್ನೊಬ್ಬಳಂತೂ ನನ್ನನ್ನು ಕಂಡು ಬ್ಯಾಗುಗಳ ಮೇಲೆ ಬಟ್ಟೆಯನ್ನೇ ಎಳೆದಳು, ನಾನೇನು ಸಿಡುಬೋ, ನನ್ನ ದುಡ್ಡು ದುಡ್ಡಲ್ಲವೋ. ನಾನು ಕಾಲಿಡುವ ಮುಂಚೆ ನನ್ನ ಸುದ್ದಿ ಅಲ್ಲಿ ಹೋಗಿ ಕೂತಿರುತ್ತದೆ.

ಎಲ್ಲೋ ಒಂದು ಮಗು ಅತ್ತಿತು. ನನ್ನದಲ್ಲ, ಅಲಸಂದೆ ವಡೆ ಕರಿಯುವವಳ ಬೆನ್ನ ಮೇಲಿನದು, ಆದರೆ ಎದೆಗೆ ಆ ವ್ಯತ್ಯಾಸ ಎಲ್ಲಿ ತಿಳಿಯುತ್ತದೆ, ಜುಮ್ಮೆಂದು ಹಾಲು ಇಳಿದೇಬಿಟ್ಟಿತು, ಅಂಗಿ ಒದ್ದೆ, ಕವರನ್ನು ಎದೆಗೆ ಅವುಚಿಕೊಂಡು ನಿಂತೆ, ಸೋಮವಾರ ಹೀಗಾದರೆ, ಫೋನು ಎತ್ತಿ ಹಲೋ ಎನ್ನುವಾಗ, ಮಿಸೆಸ್ ಎಟಿಯೆಬೆಟ್ ಎದುರಿಗೇ ನಿಂತಿರುವಾಗ — ಅಳು ಬಂತು, ಅಳು ಬಂದದ್ದಕ್ಕೆ ಸಿಟ್ಟು ಬಂತು, ಬೇರೆ ದಾರಿಯೂ ಇರಲಿಲ್ಲ, ಮಾಮಾ ಎಬುಬೆಯ ಮುಂದೆಯೇ ಹೋಗಿ ನಿಂತೆ, ಕೊಡಿ, ತಗೋತೀನಿ. ಆಕೆ ನೋಡಿದ್ದು ನನ್ನ ಅಂಗಿಯನ್ನು. ಎಷ್ಟು ತಿಂಗಳು? ಐದು. ಗಂಡೋ ಹೆಣ್ಣೋ? ಹೆಣ್ಣು. ಕವರಲ್ಲಿ ಏನು ಬಚ್ಚಿಟ್ಕೊಂಡಿದೀಯಾ, ತೆಗಿ. ತಾನೇ ಬಾಟಲಿಯನ್ನು ಬ್ಯಾಗಿಗೆ ಇಳಿಸಿದಳು, ಅಡ್ಡ ಮಲಗಿಸಿದಳು, ಊಹೂಂ, ಚೆಲ್ಲತ್ತೆ, ನಿಲ್ಲಿಸಿ ಜಿಪ್ಪು ಎಳೆದಳು, ಬಿಳಿ ಮುಚ್ಚಳಕ್ಕೆ ಬಂದು ನಿಂತಿತು. ಯಾರ ಕಣ್ಣಿಗೆ ಬೀಳಬಾರ್ದು ಇದು? ಆಫೀಸಲ್ಲಿ. ನಾಲ್ಕು ಹೆತ್ತಿದೀನಿ, ನಾಲ್ಕಕ್ಕೂ ಇದೇ ಮೂಟೆ ಮೇಲೆ ಕೂತು ಕುಡಿಸಿದೀನಿ, ಒಬ್ಬ ಗಿರಾಕೀನೂ ಬೋಣಿ ಮುರಿದು ಹೋಗ್ಲಿಲ್ಲ, ನೀನೊಬ್ಳೇ ಹೋಗಿದ್ದು. ಪಕ್ಕದವಳು ನಕ್ಕಳು, ನಾನೂ ನಕ್ಕೆನೇನೋ, ಆಕೆ ನನ್ನ ನೋಟುಗಳನ್ನು ಒಂದೊಂದು ಬ್ಯಾಗಿಗೂ ಮುಟ್ಟಿಸಿದಳು, ಹೋಗು, ನಿನ್ ಕೈ ಒಳ್ಳೇದೇ, ಬಾಯಿ ಮಾತ್ರ ಸರಿಯಿಲ್ಲ. ಬೋಣಿಯ ವಿಷಯಕ್ಕೇ ಅಂದದ್ದು ಆಕೆ, ನನಗೆ ಮಾತ್ರ ಮಕ್ಕಳಿಲ್ಲ ಮೇಡಂ ಎಂದದ್ದೇ ಮತ್ತೆ ಕೇಳಿಸಿತು.

ಹಳದಿ ವ್ಯಾನಿನಲ್ಲಿ ಮೂವರು ಕೂರುವ ಕಡೆ ಐವರು, ಮಡಿಲಲ್ಲಿ ಕಪ್ಪು ಬ್ಯಾಗು, ಮಿಸೆಸ್ ಎಟಿಯೆಬೆಟ್‌ಗೆ ಖಂಡಿತ ಹಿಡಿಸುತ್ತದೆ, ಹತ್ತಿರ ಬಂದು ಮುಟ್ಟಿ ನೋಡುತ್ತಾರೆ, ಅದೇ ಅಲ್ಲವೇ ಕಷ್ಟ — ಮೇಲೊಂದು ಸ್ಕಾರ್ಫು ಹೊದಿಸಿದರೆ, ಜಾರುತ್ತದೆ, ಗಿಡ್ಡ ಬಾಟಲಿ ಕೊಂಡರೆ, ಈ ಪಂಪಿಗೆ ಕೂರುವುದಿಲ್ಲ, ನೀರಿನ ಬಾಟಲಿ ಮೇಡಂ ಎಂದರೆ, ಅವರಿಗೆ ಓದಲು ಬರುವುದಿಲ್ಲವೇ, ವಠಾರಕ್ಕೆಲ್ಲ ಒಂದೇ ಫ್ರಿಜ್ಜು, ಬಾಟಲಿ ಅದಲುಬದಲಾಗದಿರಲಿ ಎಂದು ಅತ್ತೆ ಮುಚ್ಚಳದ ಮೇಲೆ ಕೂಸಿನ ಹೆಸರು ಬರೆಸಿದ್ದು, ನನ್ನದೇ ಕೈಬರಹ, ಅಳಿಸಿದರಾಯಿತು, ಉಗುರಿನಿಂದ ಕೆರೆಯುತ್ತೇನೆ, ಮೊದಲ ಅಕ್ಷರದ ತುದಿ ಬಿಳಿಚಿಕೊಳ್ಳುತ್ತದೆ, ಇನ್ನೊಂದಿಷ್ಟು, ಇನ್ನೊಂದಿಷ್ಟು — ಏನು ಮಾಡುತ್ತಿದ್ದೇನೆ ನಾನು, ಬಾಯಿಂದ ಒಮ್ಮೆ ಅಳಿಸಿದ್ದಾಯಿತು, ಈಗ ಉಗುರಿನಿಂದಲೇ, ಕೈ ತೆಗೆದೆ. ಜಿಪ್ಪು ಎಳೆಯುತ್ತೇನೆ, ಬರುತ್ತದೆ, ನಿಲ್ಲುತ್ತದೆ, ಎರಡು ಬೆರಳಷ್ಟು ತೆರೆದ ಬಾಯಿ, ಅದರಲ್ಲಿ ಬಿಳಿ ಮುಚ್ಚಳ, ಅದರ ಮೇಲೆ ನೀಲಿ ಶಾಯಿಯಲ್ಲಿ, ತುದಿ ಕೆರೆದ ಮೊರೆನಿಕೆ.