ಹಲ್ಲು ಕೀಳಿಸುವ ಮುಂಚೆ ಒಂದು ಸ್ಟೇಕ್

ಸೋಮವಾರ ಬೆಳಿಗ್ಗೆ ದಂತವೈದ್ಯೆ ಅಪ್ಪನ ಬಾಯಲ್ಲಿ ಉಳಿದ ಹಲ್ಲುಗಳನ್ನೆಲ್ಲ ಕೀಳುವವಳಿದ್ದಳು. ಆಮೇಲೆ ಒಸಡು ಗಟ್ಟಿಯಾಗುವವರೆಗೆ ಸೂಪು, ಹಿಸುಕಿದ ಕುಂಬಳಕಾಯಿ. ಅದಾದ ಮೇಲೆ ಕಟ್ಟಿಸಿದ ಹಲ್ಲು. ಕಟ್ಟಿಸಿದ ಹಲ್ಲಲ್ಲಿ ದನದ ಮಾಂಸದ ದಪ್ಪ ಸ್ಟೇಕ್ ತಿಂದರೆ ಬೇರೆ ಯಾರದೋ ಬಾಯಲ್ಲಿ ತಿಂದ ಹಾಗಿರುತ್ತದೆ ಎಂದು ಅಪ್ಪನ ಸ್ನೇಹಿತರು ಹೆದರಿಸಿಟ್ಟಿದ್ದರು. ಶನಿವಾರ ಅಪ್ಪ ನನ್ನನ್ನು ಕೇಳಿದ್ದು ಒಂದೇ.

"ಡೇನ್, ಸ್ವಂತ ಹಲ್ಲಲ್ಲಿ ಒಂದು ಒಳ್ಳೇ ಸ್ಟೇಕ್ ತಿನ್ಸೋ. ಅಷ್ಟೇ."

ಅಷ್ಟೇ ಅಂತೆ! ಶಾಲೆಯನ್ನು ಅರ್ಧಕ್ಕೆ ಬಿಟ್ಟು ಆಸ್ಟ್ರೇಲಿಯಾದ ರಾಕ್‌ಹ್ಯಾಂಪ್ಟನ್ನಿನ ಕಸಾಯಿಖಾನೆ ಸೇರಿದವನು ನಾನು. ದಿನವಿಡೀ ಮಾಂಸದಿಂದ ಮೂಳೆ ಬಿಡಿಸುತ್ತೇನೆ. ಒಳ್ಳೆಯ ತುಂಡುಗಳೆಲ್ಲ ನನ್ನ ಕಣ್ಣೆದುರೇ ಪೆಟ್ಟಿಗೆ ಸೇರಿ ಹಡಗು ಹತ್ತುತ್ತವೆ. ಜಪಾನಿನಲ್ಲಿ ಯಾರೋ ತಿಂದು ತುಟಿ ಒರೆಸಿಕೊಳ್ಳುತ್ತಾರೆ. ಸುತ್ತಮುತ್ತ ಇಷ್ಟು ದನ ಮೇಯುವ ಊರಿನ ಪಬ್ಬಿಗೆ ಬಂದು ಬೀಳುವುದೇನು? ನೆನೆದರೆ ಮೈ ಉರಿಯುತ್ತದೆ.

ಮೊದಲು ಹೋದದ್ದು ರೈಲು ನಿಲ್ದಾಣದ ಎದುರಿನ ಪಬ್ಬಿಗೆ. ಇಬ್ಬರಿಗೂ ರಂಪ್ ಸ್ಟೇಕ್, ದನದ ಹಿಂಭಾಗದ ತುಂಡು, ಹೇಳಿದೆವು, ಒಳಗೆ ಕೆಂಪಗಿರಲಿ ಎಂದೆವು. ತಟ್ಟೆ ಬಂತು. ನನ್ನದರ ಮೂಲೆ ಕೊಯ್ದೆ. ಬೂದಿ ಬಣ್ಣ! ಎರಡೂ ತಟ್ಟೆ ಎತ್ತಿಕೊಂಡು ಕೌಂಟರಿಗೆ ಹೋದೆ.

"ಅಕ್ಕಾ, ಇದೇನು ಚಪ್ಪಲಿ ಅಟ್ಟೇನಾ?"

"ಅಟ್ಟೆ ಬೇಕಿದ್ರೆ ಪಕ್ಕದಲ್ಲೇ ಅಂಗಡಿ ಇದೆ, ಹೋಗಪ್ಪ. ಬೇರೆ ಮಾಡಿಸ್ಕೊಡ್ಲಾ?"

"ಬೇಡ. ಮಾಡೋ ಕೈ ಅದೇ ತಾನೇ?"

ಹೊರಟೆವು. ನದೀತೀರದ ಹೊಸ ರೆಸ್ಟೋರೆಂಟಿನಲ್ಲಿ ನನ್ನ ವಯಸ್ಸಿನ ವೇಟರ್ ಒಬ್ಬ ಕೈಕಟ್ಟಿ ನಿಂತು, ಆ ದನ ಯಾವ ಬೆಟ್ಟದಲ್ಲಿ ಮೇದಿತ್ತು, ಯಾವ ಹುಲ್ಲು ತಿಂದಿತ್ತು ಎಂದು ಶುರುಮಾಡಿದ. "ಅದರ ಜಾತಕ ಬೇಡ ಗುರು, ಊಟ ಕೊಡು" ಎಂದೆ. ಅವನು ಮುಖ ಸಿಂಡರಿಸಿದ. ನಾನು ಕುರ್ಚಿ ಹಿಂದೆ ತಳ್ಳಿ ಎದ್ದೆ. ಮೂರನೆಯ ಕಡೆ ಅಣಬೆಯ ಸಾಸನ್ನು ಪಕ್ಕಕ್ಕೆ ಹಾಕಿ ಎಂದರೆ ಮೇಲೆಯೇ ಸುರಿದು ತಂದರು, ಅಡಿಯಲ್ಲಿರುವುದು ಮಾಂಸವೋ ಒರೆಸುವ ಬಟ್ಟೆಯೋ ಗೊತ್ತಾಗದ ಹಾಗೆ. ಅಲ್ಲಿಂದಲೂ ಎದ್ದೆ. ಅಪ್ಪ ಬರುವಾಗ ಒಂದು ಚಿಪ್ಸ್ ಎತ್ತಿಕೊಂಡ.

ಪಿಕಪ್ಪಿನಲ್ಲಿ ಅವನು ನಾಲಗೆಯಿಂದ ಅಲುಗುವ ಹಲ್ಲನ್ನು ತಳ್ಳುತ್ತ ಕುಳಿತಿದ್ದ.

"ಹಸಿವಾಗ್ತಿದೆ ಕಣೋ."

"ಸಿಗತ್ತೆ, ಸುಮ್ನಿರಪ್ಪ."

ಪಬ್ಬುಗಳು ಮಧ್ಯಾಹ್ನದ ಅಡುಗೆಮನೆ ಮುಚ್ಚುವ ಹೊತ್ತಾಗಿತ್ತು. ಊರು ದಾಟಿ ಪಶ್ಚಿಮಕ್ಕೆ ಓಡಿಸಿದೆ. ಒಂದು ಕಡೆ ಅಡುಗೆಯವನು ಆಗಲೇ ಹಿತ್ತಲಲ್ಲಿ ಸಿಗರೇಟು ಸೇದುತ್ತಿದ್ದ. ಇನ್ನೊಂದು ಕಡೆ ಬಾಗಿಲೇ ಹಾಕಿತ್ತು. ಕೊನೆಗೆ ಹೆದ್ದಾರಿಯ ಪಕ್ಕ ತಗಡಿನ ಮಾಡಿನ ಪಬ್ಬು ಸಿಕ್ಕಿತು. ಅಡುಗೆಯವನ ಗೊಡವೆಯೇ ಇಲ್ಲದ ಜಾಗ. ಗಾಜಿನ ಪೆಟ್ಟಿಗೆಯಿಂದ ಹಸಿ ತುಂಡು ಆರಿಸಿಕೊಳ್ಳಬೇಕು, ಹಿತ್ತಲಿನ ದೊಡ್ಡ ಕಾವಲಿಯ ಮೇಲೆ ನಾವೇ ಬೇಯಿಸಿಕೊಳ್ಳಬೇಕು.

ಅಂಥ ಕಾವಲಿಯ ಮುಂದೆ ಇಕ್ಕಳ ಹಿಡಿದವನದೇ ರಾಜ್ಯ. ಇನ್ನೊಬ್ಬರ ಸ್ಟೇಕನ್ನು ಯಾರೂ ಮುಟ್ಟುವ ಹಾಗಿಲ್ಲ. ನಮ್ಮ ಮನೆಯಲ್ಲಿ ಇಕ್ಕಳ ಯಾವತ್ತೂ ಅಪ್ಪನ ಕೈಯಲ್ಲೇ ಇತ್ತು, ನನ್ನ ಪಾಲಿಗೆ ಬಂದದ್ದು ಬಿಯರ್ ತಂದುಕೊಡುವ ಕೆಲಸ. ಅವತ್ತು ಅವನು ಎರಡು ತುಂಡು ಆರಿಸಿ, ಇಕ್ಕಳವನ್ನು ನನಗೆ ಚಾಚಿದ.

"ಮಾಂಸದ ಕಸುಬಿನವನು ನೀನು. ತಗೋ." ಹೋಗಿ ಬೆಂಚಿನ ಮೇಲೆ ಕುಳಿತ.

ಮಾಂಸ ಚುರ್ ಎಂದಿತು. ತಿರುವಿದೆ. ಒತ್ತಿದೆ. ಮತ್ತೆ ತಿರುವಿದೆ. ಪಕ್ಕದಲ್ಲಿ ಸಾಸೇಜ್ ಹುರಿಯುತ್ತಿದ್ದ ಮುದುಕ, ಕಾರಿನ ಹಿಂದೆ ಕ್ಯಾರವಾನ್ ಮನೆ ಎಳೆದುಕೊಂಡು ದೇಶ ಸುತ್ತುವ ಜಾತಿಯವನು, ಗಂಟಲು ಸರಿಮಾಡಿಕೊಂಡ.

"ಅಷ್ಟು ಸಲ ತಿರುವಬಾರ್ದು ಮಾರಾಯ."

"ನಿನ್ನ ಸಾಸೇಜ್ ನೋಡ್ಕೋ ತಾತ."

ಉಪ್ಪು ತರಲು ಒಳಗೆ ಹೋದೆ. ಬರುವಷ್ಟರಲ್ಲಿ ಅವನು ಅಪ್ಪನ ಸ್ಟೇಕನ್ನು ತಿರುವಿ ಹಾಕುತ್ತಿದ್ದ.

"ಏಯ್! ನಮ್ಮಪ್ಪಂದು ಮುಟ್ಟಿದ್ಯಾ?"

ಕುಡಿಯುತ್ತಿದ್ದವರು ಲೋಟ ಕೆಳಗಿಟ್ಟರು. ಎಲ್ಲರೂ ನನ್ನ ಕಡೆಗೇ ಇದ್ದರು, ಅದು ಅವರ ಮುಖದಲ್ಲೇ ಇತ್ತು. "ಸುಡ್ತಿತ್ತಲ್ಲಪ್ಪಾ" ಎಂದ ಮುದುಕ. ನಾನು ಅವನ ಎದೆಗೆ ಎದೆ ಕೊಟ್ಟು ನಿಂತಿದ್ದೆ.

"ಡೇನ್," ಅಪ್ಪ ಕುಳಿತಲ್ಲಿಂದಲೇ ಕರೆದ. "ಆ ಮೊದಲ್ನೇ ಪಬ್ಬಲ್ಲಿ ನನ್ನ ತಟ್ಟೇಲಿದ್ದದ್ದು ಚೆನ್ನಾಗಿತ್ತು ಕಣೋ."

"ನೀನು ತಿನ್ಲೇ ಇಲ್ವಲ್ಲ!"

"ನೀನೆಲ್ಲಿ ಬಿಟ್ಟೆ? ಕೊಯ್ದು ನೋಡಿದೆ, ಒಳಗೆ ಕೆಂಪಗಿತ್ತು. ಬಾಯಿಗಿಡೋ ಅಷ್ಟರಲ್ಲಿ ತಟ್ಟೆನೇ ಮಾಯ."

"ಆಗಲೇ ಹೇಳ್ಬಾರ್ದಿತ್ತಾ?"

"ಯಾರಿಗೆ? ನಿನಗಾ?"

ಯಾರೋ ಕಿಸಕ್ಕೆಂದರು. ಮೈಯಲ್ಲಿ ಸಿಟ್ಟು ಇನ್ನೂ ಹಾಗೇ ಇತ್ತು, ಆದರೆ ಅದನ್ನು ಯಾರ ಮೇಲೆ ತೀರಿಸುವುದೋ ತಿಳಿಯಲಿಲ್ಲ. ಅಪ್ಪನ ಸ್ಟೇಕಿನ ಒಂದು ಮಗ್ಗುಲು ಚೂರು ಕಪ್ಪಾಗಿತ್ತು.

"ಈಗ ಅದನ್ನ ಮುಟ್ಟದೇ ನಿಲ್ಲು" ಎಂದ ಅಪ್ಪ.

ನಿಂತೆ. ಇಕ್ಕಳವನ್ನು ಬೆನ್ನ ಹಿಂದೆ ಹಿಡಿದುಕೊಂಡೆ. ಕೈ ಕಡಿಯಿತು. ಕಾಲು ಬದಲಿಸಿದೆ. ರಸ ಮೇಲೆದ್ದು ಹೊಳೆಯುವವರೆಗೆ ಹಲ್ಲು ಕಚ್ಚಿಕೊಂಡು ನಿಂತು, ತಟ್ಟೆಗೆ ತೆಗೆದು ಅವನ ಮುಂದಿಟ್ಟೆ. ಅಪ್ಪ ಕೊಯ್ದ. ಒಳಗೆ ಕೆಂಪಗಿತ್ತು. ಮೇಲೆ ಕೆಳಗೆ ಹಲ್ಲು ಕೂಡುವ ಬಲಗಡೆಗೆ ತುಂಡನ್ನು ಸರಿಸಿಕೊಂಡು, ಕಣ್ಣು ಮುಚ್ಚಿ ಅಗಿಯತೊಡಗಿದ.

"ಹೇಗಿದೆ?"

ಅವನು ಬೆರಳೆತ್ತಿದ. ಅಗಿಯುತ್ತಲೇ ಇದ್ದ.

"ಅಪ್ಪಾ, ಹೇಗಿದೆ ಅಂದ್ರೆ?"

"ತಿನ್ನೋಕೆ ಬಿಡೋ!"

ಎದುರಿಗೆ ಕುಳಿತೆ. ಕಾವಲಿಯ ಮೇಲೆ ನನ್ನ ಸ್ಟೇಕು ಹೊಗೆಯಾಡುತ್ತಿತ್ತು. ಕ್ಯಾರವಾನಿನ ಮುದುಕ ತನ್ನ ಇಕ್ಕಳ ಎತ್ತಿ, ದೂರದಿಂದಲೇ ಹುಬ್ಬು ಹಾರಿಸಿದ.

ತಿರುವು ಎಂದು ತಲೆಯಾಡಿಸಿದೆ.