ಸುಮ್ಮನೆ ಇಟ್ಟ ಕೈ

ನೊಣದ ಕಾಲು ಕೂಡ ಬಂದಿದೆಯಲ್ಲ, ಬಕೆಟ್ಟಿನ ಅಂಚಿನಲ್ಲಿ ರೆಕ್ಕೆ ಮಡಚಿ ಕೂತ ನೊಣದ ಕೂದಲೆಳೆಯಂಥ ಕಾಲು, ಇನ್ನಷ್ಟು ದೊಡ್ಡದು ಮಾಡಿದರೆ ರೆಕ್ಕೆಯ ಗೆರೆಯೂ ಕಾಣುತ್ತದೇನೋ, ಹಾಲಿನ ನೊರೆಯ ಒಂದೊಂದು ಗುಳ್ಳೆಯಲ್ಲೂ ಕೊಟ್ಟಿಗೆಯ ಕಿಟಕಿ ಪುಟ್ಟದಾಗಿ ಕೂತಿದೆ, ಈ ಕ್ಯಾಮೆರಾ ಮಾರಿದವನು ಇದರ ಕಣ್ಣು ಸ್ವಲ್ಪ ಮಂಜು, ನೋಡಿಕೊಂಡು ತಗೊಳ್ಳಿ ಅಂದಿದ್ದ, ಮಂಜು ಎಲ್ಲಿದೆ, ಬಕೆಟ್ಟಿನ ನೆಗ್ಗು ನೋಡು, ಮುಂಗೋಪಿ ಒದ್ದು ಆದದ್ದು, ಅಕ್ಕನನ್ನು ಬಿಟ್ಟು ಯಾರನ್ನೂ ಕೆಚ್ಚಲ ಹತ್ತಿರ ಸೇರಿಸದ ಹಸು, ಆ ನೆಗ್ಗಿನೊಳಗಿನ ನೆರಳೂ ಇದ್ದ ಹಾಗೇ ಇದೆ, ಅಕ್ಕನ ಮಂಡಿ ಇದೆ, ಮಂಡಿಯ ಮೇಲಿನ ಬಟ್ಟೆಯ ನೇಯ್ಗೆ ಎಳೆ ಎಳೆಯಾಗಿ ಇದೆ, ಅದರ ಮೇಲೆ ಕೈ — ಕೈ ಮಾತ್ರ ಬಂದಿಲ್ಲ. ಇದೆ, ಆದರೆ ಬೆರಳಿಗೆ ಅಂಚಿಲ್ಲ, ಒದ್ದೆ ಕಾಗದದ ಮೇಲೆ ಶಾಯಿ ಹರಡಿದ ಹಾಗೆ, ಒಂದು ಬೆರಳಿದ್ದಲ್ಲಿ ಎರಡು ಮೂರು ಬೆರಳಿನ ನೆರಳು. ಒಳಗೆ ಮೇಜಿನ ಮುಂದೆ ನಾನು, ಕ್ಯಾಮೆರಾದ ಪರದೆಯ ಮೇಲೆ ಕಣ್ಣು, ಹೊರಗೆ ನಲ್ಲಿಯ ಸದ್ದು, ಅಕ್ಕನ ಗಂಡ ಕಾಲು ತೊಳೆಯುತ್ತಿದ್ದಾರೆ, ಫೋಟೋ ಆರಿಸಿಟ್ಟಿದ್ದೀಯೇನೋ ಸ್ಟುಡಿಯೋ, ಬಂದೆ ಇರು, ನನಗೆ ಭಾವ ಇಟ್ಟ ಹೆಸರು ಅದು, ಸ್ಟುಡಿಯೋ, ಓದು ಮುಗಿಸಿ ನಾಲ್ಕು ದಿನ ಇದ್ದು ಹೋಗುತ್ತೇನೆ ಅಂತ ಬಂದವನು ಈ ಕ್ಯಾಮೆರಾ ಕೊರಳಿಗೆ ಹಾಕಿಕೊಂಡು ಇಲ್ಲೇ ಬೇರು ಬಿಟ್ಟೆ, ಗೋದಲಿಯ ಹುಲ್ಲು, ಗೂಟಕ್ಕೆ ಸವೆದ ಹಗ್ಗ, ಕರುವಿನ ಮೂಗಿನ ತೇವ, ಏನು ಕಂಡರೂ ಕ್ಲಿಕ್, ಸಗಣಿಯನ್ನೂ ಬಿಡಲ್ವಲ್ಲೋ, ಸ್ವಲ್ಪ ನಗು ಅನ್ನು ಅದಕ್ಕೆ, ಅಂತ ಭಾವ, ಅದಕ್ಕೆ ಅಕ್ಕ, ನಿಮ್ಮ ಮುಖಕ್ಕಿಂತ ಅದೇ ಚೆನ್ನಾಗಿ ಬರುತ್ತೆ ಬಿಡಿ.

ನನ್ನ ಕೈ ನಡುಗಿರಬೇಕು. ಅಕ್ಕನೇ ಹೇಳುತ್ತಿದ್ದಳಲ್ಲ, ಹಿಂದೆ ಯಾವುದೋ ಫೋಟೋ ನೋಡಿ, ಉಸಿರು ಬಿಗಿಹಿಡಿದು ತೆಗೆಯೋ, ನಿನ್ನ ಕೈ ನಿಲ್ಲಲ್ಲ — ಆ ಮಾತಿಗೇ ಅಲ್ಲವೇ ನಾನು ಇವತ್ತು ಬೆಳಿಗ್ಗೆ ಕ್ಯಾಮೆರಾವನ್ನು ಕೈಯಲ್ಲಿ ಹಿಡಿಯದೆ ಹಾಲಿನ ಕ್ಯಾನಿನ ಮುಚ್ಚಳದ ಮೇಲೆ ಇಟ್ಟದ್ದು, ತುಂಬಿದ ಕ್ಯಾನು, ಇಬ್ಬರು ಎತ್ತಬೇಕಾದ ಭಾರ, ಅದು ಅಲ್ಲಾಡುವುದಿಲ್ಲ, ಅಲ್ಲಾಡಿದ್ದರೆ ನೊಣವೂ ಅಲ್ಲಾಡಬೇಕಿತ್ತು. ಅಕ್ಕ ಹಾಲು ಕರೆದು ಮುಗಿಸಿದ್ದಳು, ಎದ್ದಿರಲಿಲ್ಲ, ಕರು ಕುಡಿಯಲಿ ಅಂತ ಕಾಯುತ್ತಾ ಮಣೆಯ ಮೇಲೆ ಹಾಗೇ ಕೂತಿದ್ದಳು, ನಾನಿರುವುದನ್ನು ಮರೆತಿದ್ದಳು, ಕೈ ಮಂಡಿಯ ಮೇಲೆ ಸುಮ್ಮನೆ ಇತ್ತು, ಸುಮ್ಮನೆ ಇತ್ತು ಅಂದುಕೊಂಡಿದ್ದೆ. ಬೇರೆ ಫೋಟೋ ನೋಡಬೇಕು, ಖಾಲಿ ಕೈಯದು, ಹಿಂದಿನದು, ಅದರ ಹಿಂದಿನದು, ಅಕ್ಕ ಹಗ್ಗ ಹೊಸೆಯುತ್ತಿದ್ದಾಳೆ, ಅಕ್ಕ ಲೋಟವನ್ನು ಎರಡೂ ಕೈಯಲ್ಲಿ ಅಪ್ಪಿ ಹಿಡಿದಿದ್ದಾಳೆ, ಚಳಿಗೆ ಅಂದುಕೊಂಡೆ, ಎಷ್ಟು ಚಂದ ಅಂದುಕೊಂಡೆ, ಅಕ್ಕ ಕೈಯನ್ನು ಮುಂಗೋಪಿಯ ಬೆನ್ನಿಗೆ ಒತ್ತಿ ನಿಂತಿದ್ದಾಳೆ, ಎಂಥ ಪ್ರೀತಿ ಅಂದುಕೊಂಡೆ, ಬೇಲಿಯ ತಂತಿ ಹಿಡಿದಿದ್ದಾಳೆ, ಕಂಕುಳಲ್ಲಿ ಕೈ ಸಿಕ್ಕಿಸಿಕೊಂಡು ಭಾವನ ಜೊತೆ ಜಗಳವಾಡುತ್ತಿದ್ದಾಳೆ. ಖಾಲಿ ಕೈ ಒಂದೂ ಇಲ್ಲ. ಇಷ್ಟು ದಿನ ಚೌಕಟ್ಟು, ಬೆಳಕು, ನೆರಳು ಅಂತ ಕಣ್ಣು ಕಿರಿದು ಮಾಡಿಕೊಂಡು ನೋಡಿದ್ದೆಲ್ಲಾ ಅವಳು ಬಚ್ಚಿಡುತ್ತಿದ್ದುದನ್ನೇ. ಎಲ್ಲರೂ ಹೊಗಳುತ್ತಾರೆ, ನಿಮ್ಮಕ್ಕ ಒಂದು ಗಳಿಗೆ ಸುಮ್ಮನೆ ಕೂರೋಳಲ್ಲಪ್ಪ — ಕೂರುವ ಹಾಗಿಲ್ಲ. ಕರೆಯುವಾಗ ಇಲ್ಲ ಈ ನಡುಕ, ನೋಡಿದ್ದೇನೆ, ಧಾರೆ ಬಕೆಟ್ಟಿಗೆ ಗೆರೆ ಎಳೆದ ಹಾಗೆ ಬೀಳುತ್ತದೆ, ಕೆಲಸ ಸಿಕ್ಕರೆ ಕೈ ತನ್ನ ಪಾಡಿಗೆ ತಾನಿರುತ್ತದೆ, ಬಿಡುವು ಸಿಕ್ಕರೆ ಅದಕ್ಕೆ ಏನೋ ಆಗುತ್ತದೆ. ಮತ್ತೆ ಭಾವ ಬಿಡುವನ್ನೇ ತರುತ್ತಿದ್ದಾರೆ, ಹಾಲು ಕರೆಯುವ ಯಂತ್ರ, ನಾಳೆ ಬರುತ್ತದೆ, ನಿಮ್ಮಕ್ಕನ ಕೈಗೆ ಇನ್ನಾದರೂ ವಿಶ್ರಾಂತಿ ಸಿಗಲಿ ಕಣೋ, ಅವಳು ಕೈಯಲ್ಲಿ ಕರೆದ ಕೊನೆಯ ದಿನದ್ದೊಂದು ಒಳ್ಳೆ ಫೋಟೋ ತೆಗಿ, ದೊಡ್ಡದು ಮಾಡಿಸಿ ನಡುಮನೆಯಲ್ಲಿ ಹಾಕೋಣ, ಅವರು ಇದನ್ನು ಹೇಳುವಾಗ ಮುಖ ಎಷ್ಟು ಅರಳಿತ್ತು, ಅಕ್ಕ ಮಾತ್ರ ಯಂತ್ರದ ಮಾತೆತ್ತಿದಾಗಲೆಲ್ಲಾ ಸಿಡುಕುತ್ತಿದ್ದಳು, ನನಗ್ಯಾಕೆ ವಿಶ್ರಾಂತಿ, ನೀವೇ ಮಲಕ್ಕೊಳ್ಳಿ ಹೋಗಿ, ಹಠ ಅಂದುಕೊಂಡೆವು.

ಅಳಿಸಿಬಿಡಲೇ. ಒಂದು ಗುಂಡಿ ಒತ್ತಿದರೆ ಇಲ್ಲ, ಗೊಡವೆಯೇ ಇಲ್ಲ, ಯಾವುದನ್ನೂ ಹೇಳದೆ ಇರುವುದು ನನಗೆ ಮೊದಲಿಂದಲೂ ಒಗ್ಗಿದ ಕೆಲಸ, ಆದರೆ ಅಳಿಸಿದರೆ ನಡುಕ ಅಳಿಯುತ್ತದೆಯೇ, ಡಾಕ್ಟರು ಇದಕ್ಕೆ ಏನಾದರೂ ಕೊಡುತ್ತಾರೇನೋ, ತಡವಾದಷ್ಟೂ — ಹೇಳಿದರೆ ಇವತ್ತಿನಿಂದಲೇ ಅವಳನ್ನು ಎಲ್ಲರೂ ಕುರ್ಚಿಯಲ್ಲಿ ಕೂರಿಸುತ್ತಾರೆ, ಬೇಡ ಬೇಡ ನೀನು ಎತ್ತಬೇಡ, ನೀನು ಬಗ್ಗಬೇಡ, ಮುಂಗೋಪಿ ಯಾರಿಗೆ ಹಾಲು ಬಿಡುತ್ತದೆ, ನಲ್ಲಿ ನಿಂತಿತು, ಒದ್ದೆ ಹೆಜ್ಜೆ, ಭಾವನ ಗಡ್ಡ ನನ್ನ ಭುಜದ ಹತ್ತಿರ, ಎಲ್ಲಿ ತೋರಿಸು, ಓಹೋ, ಬಕೆಟ್ಟಿಗೆ ಏನು ಕಳೆಯೋ, ಅಯ್ಯೋ ಕೈ ಹಾಳುಮಾಡಿದ್ದೀಯಲ್ಲೋ ಸ್ಟುಡಿಯೋ, ಅಲ್ಲಾಡಿಸಿಬಿಟ್ಟಿದ್ದೀಯ. ಹಿಂದೆ ಅಕ್ಕ, ಬಾಗಿಲಲ್ಲಿ, ತೊಳೆದ ಸೋಸುವ ಬಟ್ಟೆಯನ್ನು ಹಿಂಡುತ್ತಾ, ಅದರಲ್ಲಿ ಒಂದು ಹನಿಯೂ ಉಳಿದಿಲ್ಲ, ಆದರೂ ಹಿಂಡುತ್ತಾ, ನಾನು ಹೇಳಲಿಲ್ವಾ, ಅವನ ಕೈ ಯಾವಾಗಲೂ ಅಷ್ಟೇ, ಅಂದಳು, ಅಂದು ನನ್ನನ್ನೇ ನೋಡಿದಳು, ಹೌದು ಅನ್ನೋ ಅನ್ನುವ ನೋಟ, ಚಿಕ್ಕವನಿದ್ದಾಗ ನಾನು ಪಿಂಗಾಣಿ ಬಟ್ಟಲು ಒಡೆದ ತಪ್ಪನ್ನು ಬೆಕ್ಕಿನ ತಲೆಗೆ ಕಟ್ಟಿ ನನ್ನನ್ನು ಉಳಿಸಿದವಳು, ಈಗ ನನ್ನ ಸರದಿ, ಒಂದೇ ಶಬ್ದ, ಹೌದು ಅಂದರೆ ಮುಗಿಯಿತು, ನಾಲಿಗೆಯ ತುದಿಗೆ ಬಂದಿದೆ, ನೊಣ, ಬಕೆಟ್ಟು, ಬಟ್ಟೆಯ ಎಳೆ — ಇಲ್ಲ ಭಾವ, ಕ್ಯಾಮೆರಾ ಕ್ಯಾನಿನ ಮೇಲಿತ್ತು. ನನ್ನ ದನಿಯೇ, ಯಾರದೋ ಹಾಗೆ ಕೇಳಿಸಿತು. ಭಾವ ನಗುತ್ತಿದ್ದವರು ನಗು ನಿಲ್ಲಿಸಲು ಮರೆತ ಹಾಗೆ ಹಲ್ಲು ಬಿಟ್ಟುಕೊಂಡೇ ಅಕ್ಕನ ಕಡೆ ತಿರುಗಿದರು. ಅಕ್ಕ ಬಟ್ಟೆಯನ್ನು ಬಾಗಿಲ ಮೇಲೆ ಹರವಿದಳು, ಸುಕ್ಕು ತೀಡಿದಳು, ಮತ್ತೊಮ್ಮೆ ತೀಡಿದಳು, ತೀಡುವುದಕ್ಕೆ ಇನ್ನು ಸುಕ್ಕಿಲ್ಲ, ಬಂದು ನನ್ನ ಎದುರಿನ ಕುರ್ಚಿ ಎಳೆದು ಕೂತಳು, ಕೈಯನ್ನು ಮೇಜಿನ ಮೇಲೆ, ನಮ್ಮಿಬ್ಬರಿಗೂ ಕಾಣುವ ಹಾಗೆ, ಖಾಲಿ ಕೈಯನ್ನು, ಇಟ್ಟಳು. ಮೇಜಿನ ಗೀರು ಸ್ಪಷ್ಟ, ಲೋಟದ ಅಂಚು ಸ್ಪಷ್ಟ, ಎಲ್ಲಿಂದಲೋ ಬಂದು ಆ ಅಂಚಿನ ಮೇಲೆ ಕೂತ ನೊಣದ ಕಾಲು ಕೂಡ — ಕೈ, ಕೈ ಮಾತ್ರ —