ಕುಣಿಕೋಲು

ಅಳಿಯ ಕೇಳಿದ್ದು ಒಂದೇ ಒಂದು ಸಾಮಾನು. ಅದೂ ಮದುವೆಯಾಗಿ ಎರಡು ವರ್ಷದ ಮೇಲೆ, ಫೋನಿನಲ್ಲಿ, ಸಂಕೋಚಪಟ್ಟುಕೊಂಡು.

"ಮಾವ, ನನ್ನ ಕುಣಿಕೋಲು ಹಳೇದಾಯ್ತು. ಕೀಲು ಕಿರುಗುಟ್ಟುತ್ತೆ. ನಿಮ್ಮ ಕೈಯಲ್ಲಿ ಒಂದು ಆಗುತ್ತಾ?"

ಆಗುತ್ತಾ ಅಂದರೆ? ಮಾವ ಬಡಗಿ. ಅವನಿಗೆ ಬೆಣ್ಣೆ ಮೇಸ್ತ್ರಿ ಎಂದು ಬೀದಿಯವರು ಹೆಸರಿಟ್ಟದ್ದೇ ಅವನು ಕೂರಿಸಿದ ಬಾಗಿಲುಗಳನ್ನು ನೋಡಿ. ತೆರೆದರೂ ಸದ್ದಿಲ್ಲ, ಮುಚ್ಚಿದರೂ ಸದ್ದಿಲ್ಲ. ಮನೆಗೆ ಬೆಕ್ಕು ಬಂದರೂ ತಿಳಿಯುವುದಿಲ್ಲ, ಕಳ್ಳ ಬಂದರೂ ತಿಳಿಯುವುದಿಲ್ಲ ಎಂದು ಎದುರಂಗಡಿಯ ಕ್ಷೌರಿಕ ಹಾಸ್ಯ ಮಾಡುತ್ತಿದ್ದ. ಬಡಗಿಗೆ ಅದು ಹಾಸ್ಯವೆನಿಸುತ್ತಿರಲಿಲ್ಲ, ಬಿರುದು ಎನಿಸುತ್ತಿತ್ತು.

ಕುಣಿಕೋಲು ಎಂದರೆ ದೊಡ್ಡ ಯಂತ್ರವೇನಲ್ಲ. ನೆಲಕ್ಕೆ ಹೊಡೆಯುವ ಮೊಳದುದ್ದದ ಗೂಟ. ಅದರ ತಲೆಗೆ ಕೀಲು ಹಾಕಿ ಸಿಕ್ಕಿಸಿದ ತೆಳ್ಳನೆಯ ಕೋಲು. ಕೋಲಿನ ತುದಿಗೆ ಅಂಗೈಯಗಲದ ಮರದ ಬಿಲ್ಲೆ. ಸಾಕಿದ ಪಾರಿವಾಳವನ್ನು ಬಿಲ್ಲೆಯ ಮೇಲೆ ನಿಲ್ಲಿಸಿ ಎರಡೂ ಕಾಲಿಗೆ ಮೆತ್ತನೆಯ ಚರ್ಮದ ಕುಣಿಕೆ ಹಾಕುತ್ತಾರೆ. ಕೋಲಿನಿಂದ ಹೊರಟ ಉದ್ದನೆಯ ದಾರ ಬೇಟೆಗಾರ ಅಡಗಿ ಕೂತ ಮರೆಯವರೆಗೆ ಹೋಗುತ್ತದೆ. ಎಳೆದರೆ ಕೋಲು ಏಳುತ್ತದೆ. ಬಿಟ್ಟರೆ ಹಕ್ಕಿಯ ಕಾಲ ಕೆಳಗಿನ ನೆಲೆಯೇ ಜಾರಿ ಇಳಿಯುತ್ತದೆ. ಬಿದ್ದುಬಿಡುತ್ತೇನೆಂದು ಹಕ್ಕಿ ರೆಕ್ಕೆ ಬಡಿಯುತ್ತದೆ. ಮೇಲೆ ಹಾರುವ ಕಾಡು ಪಾರಿವಾಳಗಳಿಗೆ ಅದು ಕಾಳು ಕಂಡು ಇಳಿಯುತ್ತಿರುವ ಹಾಗೆ ಕಾಣುತ್ತದೆ. ಅವೂ ಇಳಿಯುತ್ತವೆ. ಉಳಿದದ್ದು ಕೋವಿಯ ಕೆಲಸ. ಹೀಗೆ ತನ್ನ ಕುಲದವರನ್ನೇ ಕರೆಯಲು ಕಟ್ಟಿಹಾಕಿದ ಹಕ್ಕಿಗೆ ಬೇಟೆಯವರು ದೀವದ ಹಕ್ಕಿ ಅನ್ನುತ್ತಾರೆ.

ಬಡಗಿ ಕೀಲಿಗೆ ಹಿತ್ತಾಳೆಯ ಮೊಳೆ ಹಾಕಿದ, ತೂತಿನ ಒಳಗೆ ಮೇಣ ತಿಕ್ಕಿದ, ಮೇಲೆ ಎರಡು ತೊಟ್ಟು ಎಣ್ಣೆ ಬಿಟ್ಟ. ಬೆರಳಿನಿಂದ ಕೋಲನ್ನು ಆಡಿಸಿ ಕಿವಿಯ ಹತ್ತಿರ ಹಿಡಿದ. ಉಸಿರಿನಷ್ಟೂ ಸದ್ದಿಲ್ಲ.

ಅಳಿಯ ಶನಿವಾರ ಸಂಜೆ ಬರುವವನಿದ್ದ. ಭಾನುವಾರ ಬೆಳಿಗ್ಗೆ ಮಾವ ಅಳಿಯ ಬೇಟೆಗೆ ಹೋಗುವುದು, ಮಧ್ಯಾಹ್ನ ಅವನು ಹೆಂಡತಿಯನ್ನು ಕರೆದುಕೊಂಡು ಹೊರಡುವುದು ಎಂದು ಗಂಡಸರಿಬ್ಬರೂ ಫೋನಿನಲ್ಲೇ ಮಾತು ಮುಗಿಸಿದ್ದರು. ಮಗಳು ಹೇಳದೆ ಕೇಳದೆ ಗಂಡನ ಮನೆ ಬಿಟ್ಟು ಬಂದು ಒಂದು ತಿಂಗಳಾಗುತ್ತ ಬಂದಿತ್ತು. ಬರುತ್ತೇನೆ ಎಂದು ಅವಳು ಇನ್ನೂ ಹೇಳಿರಲಿಲ್ಲ. ಅವಳನ್ನು ಯಾರೂ ಕೇಳಿಯೂ ಇರಲಿಲ್ಲ.

ಕೆಳಗೆ ಕಾರ್ಖಾನೆ, ಮೇಲೆ ಮನೆ. ಬಡಗಿ ಮೆಟ್ಟಿಲು ಹತ್ತಿ ಬಾಗಿಲು ತಳ್ಳಿದಾಗ ತಾಯಿ ಮಗಳು ಸೊಪ್ಪು ಬಿಡಿಸುತ್ತಿದ್ದರು. ಬಾಗಿಲಿಗೆ ಬೆನ್ನು ಮಾಡಿದ್ದ ಮಗಳು ಅವನ ನೆರಳು ಬಿದ್ದ ಕೂಡಲೇ ಎದ್ದು ನಿಂತಳು. ಸೊಪ್ಪು ಚೆಲ್ಲಿತು.

"ನಿಮ್ಮಪ್ಪ ಕಣೇ, ಹುಲಿಯಲ್ಲ," ಎಂದಳು ತಾಯಿ.

ಮಗಳು ಮತ್ತೆ ಕೂತಳು, ಕುರ್ಚಿಯ ತುದಿಯಲ್ಲಿ. ಬಂದಾಗಿನಿಂದ ಅವಳು ಹಾಗೇ ಕೂರುತ್ತಿದ್ದಳು, ಬಸ್ಸು ಬಂದರೆ ಹತ್ತಬೇಕು ಎನ್ನುವವರ ಹಾಗೆ. ಕುರ್ಚಿಯ ಇಳಿಜಾರು ಸರಿಯಿಲ್ಲವೇನೋ ಎಂದು ಬಡಗಿ ಅದನ್ನು ಕೆಳಗೆ ಒಯ್ದು ಉಜ್ಜುಗೊರಡು ಹಿಡಿದಿದ್ದ. ಆಮೇಲೆ ಇನ್ನೊಂದು ಸಲ ಹಿಂದಿನ ಕಾಲುಗಳನ್ನೂ ಒಂದಿಷ್ಟು ಕೊಯ್ದಿದ್ದ. ಆದರೂ ಅವಳು ಒರಗಲಿಲ್ಲ.

"ನಾಳೆ ಬರ್ತಾರಂತೆ," ತಾಯಿ ಶುರು ಮಾಡಿದಳು. "ಎಷ್ಟು ಮರ್ಯಾದೆಯಿಂದ ಕೇಳಿದರು ಗೊತ್ತಾ? ಅತ್ತೆ, ಅವಳಿಗೆ ಮನಸ್ಸಿದ್ದರೆ ಮಾತ್ರ ಅಂದರು. ಯಾರ ಗಂಡ ಹಾಗೆ ಹೇಳ್ತಾನೆ? ನಿಮ್ಮಪ್ಪ ಹೇಳಿದ್ದಾರಾ ಒಂದು ದಿನ?"

"ನನ್ನನ್ಯಾಕೆ ಎಳೀತೀಯ," ಎಂದ ಬಡಗಿ.

"ನೀನೇ ಹೇಳು ಮಗಳೇ," ಎಂದಳು ತಾಯಿ. "ಹೊಡೀತಾನಾ?"

"ಇಲ್ಲ."

"ಕುಡೀತಾನಾ?"

"ಇಲ್ಲಮ್ಮ."

"ಇನ್ನೊಬ್ಬಳು?"

"ಇಲ್ಲ ಅಂದೆನಲ್ಲ."

"ಮತ್ತೆ ಬೇರೆ ಏನು? ಬಾಯಿ ಬಿಟ್ಟು ಹೇಳು. ನಾನು ನೆರೆಮನೆಯವರಿಗೆ ಏನಂತ ಹೇಳಲಿ?"

ಮಗಳು ಸೊಪ್ಪಿನ ದಂಟು ಮುರಿದಳು. "ಅವರು ಬಾಗಿಲಿಗೆ ಎಣ್ಣೆ ಹಾಕ್ತಾರೆ," ಎಂದಳು.

ಬಡಗಿ ಗೊಳ್ಳೆಂದು ನಕ್ಕ. ತಡೆದುಕೊಳ್ಳಲಿಕ್ಕೆ ಆಗಲಿಲ್ಲ. "ಅಯ್ಯೋ, ಅದಕ್ಕೆ ಮನೆ ಬಿಟ್ಟು ಬಂದ್ಯಾ? ಇಂಥ ಅಳಿಯ ಸಿಗಬೇಕಾದರೆ ನಾನು ಪುಣ್ಯ ಮಾಡಿರಬೇಕು."

"ಎಲ್ಲಾ ಬಾಗಿಲಿಗೂ ಹಾಕ್ತಾರಪ್ಪ. ಬಚ್ಚಲ ಬಾಗಿಲಿಗೂ. ಆರು ಗಂಟೆಗೆ ಬರ್ತೀನಿ ಅಂತಾರೆ, ಮೂರಕ್ಕೇ ಬಂದು ನನ್ನ ಹಿಂದೆ ನಿಂತಿರ್ತಾರೆ. ಏನೂ ಮಾಡಲ್ಲ. ನಗ್ತಾರೆ. ಆಮೇಲೆ ಎಷ್ಟೋ ದಿನ ಸರಿಯಾಗಿ ಆರಕ್ಕೇ ಬರ್ತಾರೆ. ನಾನು ಇನ್ನೇನು ಬಿಡು ಅಂದುಕೊಂಡು ಮಲಗಿರ್ತೀನಿ, ಆವತ್ತು..." ಅವಳು ಮಾತು ನಿಲ್ಲಿಸಿದಳು. ಹೇಳಿದರೆ ಅದು ಏನೂ ಅಲ್ಲದ ಹಾಗೆ ಕೇಳಿಸುತ್ತದೆ ಎಂದು ಅವಳಿಗೂ ಗೊತ್ತಾಗುತ್ತಿತ್ತು.

"ಹೆಂಡತಿ ಮೇಲೆ ಆಸೆ, ಬೇಗ ಬರ್ತಾನೆ," ಎಂದಳು ತಾಯಿ. "ಎಣ್ಣೆ ಬರೋವಾಗ ಕಣ್ಣು ಮುಚ್ಚಿಕೊಂಡಳಂತೆ. ಅದು ನಿನ್ನನ್ನ ನೋಡಿಯೇ ಮಾಡಿದ ಗಾದೆ."

ಬಡಗಿ ಇನ್ನೂ ನಗುತ್ತಲೇ ಕೈ ತೊಳೆಯಲು ಹೋದ.

ಶನಿವಾರ ಅಳಿಯ ಬಂದ. ಹಿಟ್ಟಿನ ಗಿರಣಿಯಲ್ಲಿ ಮೇಲ್ವಿಚಾರಕ. ಒಗೆದ ಅಂಗಿ, ಕತ್ತರಿಸಿದ ಉಗುರು, ಮಾತು ಸಕ್ಕರೆ. ಒಂದು ಕೈಯಲ್ಲಿ ಕೋವಿಯ ಚೀಲ, ಇನ್ನೊಂದರಲ್ಲಿ ಬುಟ್ಟಿಯೊಳಗೆ ಬೂದು ಬಣ್ಣದ ದೀವದ ಹಕ್ಕಿ. ಅತ್ತೆಗೆ ಮಂಡಿನೋವಿನ ಮುಲಾಮು ತಂದಿದ್ದ. ಹೆಂಡತಿಯನ್ನು "ಹೇಗಿದ್ದೀಯ?" ಎಂದು ಕೇಳಿ, ಉತ್ತರಕ್ಕೆ ಕಾದು, "ಒಳ್ಳೇದು" ಎಂದ. ಊಟಕ್ಕೆ ಕೂತಾಗ ಅವಳು ನಿಂತೇ ಬಡಿಸಿದಳು. "ನೀನೂ ಕೂತ್ಕೋ," ಎಂದು ಅವನು ತಾನೇ ಎದ್ದು ಕುರ್ಚಿ ಎಳೆದುಕೊಟ್ಟ. ತಾಯಿ ಗಂಡನ ಕಡೆ ನೋಡಿದಳು: ನೋಡಿದಿರಾ? ಬಡಗಿ ನೋಡಿದ. ಮಗಳು ಕೂರುವ ಮುಂಚೆ ಕೈ ಹಿಂದೆ ಚಾಚಿ ಕುರ್ಚಿ ಅಲ್ಲೇ ಇದೆಯೇ ಎಂದು ಮುಟ್ಟಿಕೊಂಡದ್ದನ್ನೂ ನೋಡಿದ. ಅದಕ್ಕೆ ಅರ್ಥ ಹುಡುಕಲಿಲ್ಲ. ತುತ್ತು ಬಾಯಲ್ಲಿತ್ತು.

ಬೆಳಕು ಹರಿಯುವ ಹೊತ್ತಿಗೆ ಇಬ್ಬರೂ ಕೊಯ್ಲಾದ ಹೊಲದಲ್ಲಿದ್ದರು. ಬದುವಿನ ಪಕ್ಕ ಒಣಹುಲ್ಲಿನ ಮರೆ. ಅಳಿಯ ಹೊಲದ ನಡುವೆ ಗೂಟ ಹೊಡೆದು, ಬೂದು ಹಕ್ಕಿಯನ್ನು ಎದೆಗೆ ಒತ್ತಿಕೊಂಡು ಕುಣಿಕೆ ಹಾಕಿದ. ತಾಯಿ ಮಗುವಿನ ಬೂಟಿನ ದಾರ ಕಟ್ಟುವಷ್ಟು ಮೆತ್ತಗೆ. ಆಮೇಲೆ ದಾರ ಬಿಡುತ್ತ ಬಿಡುತ್ತ ಮರೆಗೆ ಬಂದು ಕೂತ.

ಎಳೆದು ಬಿಟ್ಟ. ಬಿಲ್ಲೆ ಎದ್ದು ಇಳಿಯಿತು. ಹಕ್ಕಿ ಗಾಬರಿಯಾಗಿ ರೆಕ್ಕೆ ಹರಡಿ ಪಟಪಟ ಬಡಿಯಿತು.

"ಮಾವ, ಇದು ಕೀಲು ಅಂದರೆ," ಅಳಿಯ ಪಿಸುಗುಟ್ಟಿದ. "ಹಳೇದರಲ್ಲಿ ಏನಾಗ್ತಿತ್ತು ಗೊತ್ತಾ? ಎಳೆದ ತಕ್ಷಣ ಮೊದಲು ಕಿರ್ ಅನ್ನೋದು. ಈ ಕಳ್ಳಿ ಅದನ್ನ ಕಲಿತುಬಿಟ್ಟಿದ್ದಳು. ಕಿರ್ ಅಂದರೆ ಸಾಕು, ಬಿಲ್ಲೆ ಗಟ್ಟಿಯಾಗಿ ಹಿಡ್ಕೊಂಡು ಕೂತುಬಿಡೋದು. ರೆಕ್ಕೇನೇ ಬಿಚ್ತಿರಲಿಲ್ಲ. ಮುಂಚೆ ಗೊತ್ತಾದರೆ ಹಕ್ಕಿ ಕೆಲಸಕ್ಕೆ ಬರಲ್ಲ."

"ಈಗ?"

"ಈಗ ಹೇಗೆ ಗೊತ್ತಾಗುತ್ತೆ? ಬೆಣ್ಣೆ ಮೇಸ್ತ್ರಿ ಕೈ." ಅವನು ದಾರವನ್ನು ಮಾವನ ಕೈಗೆ ಕೊಟ್ಟ. "ನೀವೇ ನೋಡಿ."

ಬಡಗಿ ಎಳೆದ. ಹಕ್ಕಿಯ ತೂಕ ದಾರದಗುಂಟ ಬೆರಳಿಗೆ ಬಂದು ತಾಕಿತು. ತಾನು ಮಾಡಿದ ಕೀಲು ಅಷ್ಟು ದೂರದಲ್ಲಿ ತನ್ನ ಬೆರಳಿನ ಮಾತು ಕೇಳುತ್ತಿದೆ ಎಂದು ಅವನಿಗೆ ಖುಷಿಯಾಯಿತು. ಮತ್ತೆ ಎಳೆದ. ಮತ್ತೆ.

"ಹಾಗಲ್ಲ, ಒಂದೇ ಲೆಕ್ಕದಲ್ಲಿ ಎಳೀಬೇಡಿ," ಎಂದ ಅಳಿಯ. "ಲೆಕ್ಕ ಸಿಕ್ಕರೂ ಕಲಿಯುತ್ತೆ. ಎರಡು ಸಲ ಎಳೆದು ಸುಮ್ಮನಿದ್ದುಬಿಡಿ. ಮುಗೀತು ಅಂತ ಅದಕ್ಕೆ ಅನ್ನಿಸಬೇಕು. ಕತ್ತು ಒಳಗೆ ಎಳಕೊಂಡು ಕಣ್ಣು ಸಣ್ಣ ಮಾಡುತ್ತೆ ನೋಡಿ, ಆವಾಗ."

"ಅದಕ್ಕೆ ನೋವಾಗಲ್ವೇನೋ?"

"ನೋವು ಮಾಡಬಾರದು. ನೋವಾದ ಹಕ್ಕಿ ಮಂಕಾಗುತ್ತೆ, ಮೂಲೆ ಸೇರುತ್ತೆ. ನನ್ನ ಮದುವೆಯ ಹೊಸದರಲ್ಲಿ ತಂದದ್ದು ಇದು. ಒಂದು ಪುಕ್ಕ ಉದುರಿದೆಯಾ ನೋಡಿ."

ಕಾಡು ಪಾರಿವಾಳಗಳ ಒಂದು ಗುಂಪು ತೋಪಿನ ಮೇಲಿಂದ ತಿರುಗಿತು. ಅಳಿಯ ದಾರ ತೆಗೆದುಕೊಂಡು ಕಾದ. ಬೂದು ಹಕ್ಕಿ ಕತ್ತು ಒಳಗೆ ಎಳೆದುಕೊಂಡಿತು. ಎಳೆದ. ರೆಕ್ಕೆ ಬಡಿಯಿತು, ಗುಂಪು ಇಳಿಯಿತು, ಕೋವಿ ಹಾರಿತು. ಐದಾರು ಹಕ್ಕಿಗಳು ಕೂಳೆಯ ಮೇಲೆ ಬಿದ್ದವು, ಒಂದು ಹೊರಳಾಡಿತು. ಅಳಿಯ ಹೆಕ್ಕಲು ಹೋದ. ಹೊರಳಾಡುತ್ತಿದ್ದದ್ದರ ಕತ್ತು ತಿರುವಿ ಚೀಲಕ್ಕೆ ಹಾಕಿದ.

ಬಡಗಿ ದೀವದ ಹಕ್ಕಿಯನ್ನೇ ನೋಡುತ್ತಿದ್ದ. ಅದು ಬಿಲ್ಲೆಯ ನಡುವೆ ನಿಂತಿರಲಿಲ್ಲ. ತುದಿಗೆ ಬಂದು, ಉಗುರು ಅಂಚಿಗೆ ಸಿಕ್ಕಿಸಿ, ಈಗಲೋ ಆಗಲೋ ಎನ್ನುವಂತೆ ನಿಂತಿತ್ತು. ಬಿಲ್ಲೆಗೆ ಓರೆ ಜಾಸ್ತಿಯಾಯಿತೇನೋ, ಒಂದು ಸಲ ಉಜ್ಜುಗೊರಡು ಆಡಿಸಿದರೆ ನಡುವೆ ನಿಂತೀತು ಎಂದು ಅವನ ಬಡಗಿ ಬುದ್ಧಿ ಲೆಕ್ಕ ಹಾಕಿತು. ಹಾಕಿದ ಮೇಲೆ, ಇದೇ ಲೆಕ್ಕವನ್ನು ತಾನು ಈ ತಿಂಗಳು ಎರಡು ಸಲ ಹಾಕಿ ಒಂದು ಕುರ್ಚಿಯನ್ನು ಹಾಳು ಮಾಡಿದ್ದು ನೆನಪಿಗೆ ಬಂತು.

ಅವನು ಎದ್ದು ನಿಂತ.

"ಇನ್ನೊಂದು ಸುತ್ತು ಕೂರೋಣವಾ ಮಾವ?"

"ಬೇಡ. ಹೋಗೋಣ."

ದಾರಿಯುದ್ದಕ್ಕೂ ಅಳಿಯ ಗಿರಣಿಯ ಸುದ್ದಿ ಹೇಳಿದ. ಬಡಗಿ ಹೂಂ ಎನ್ನುತ್ತ ಬಂದ, ಏನೂ ಕೇಳಿಸಿಕೊಳ್ಳಲಿಲ್ಲ. ಏನು ಹೇಳುವುದು? ಹೊಡೆದಿದ್ದರೆ ಕೊರಳಪಟ್ಟಿ ಹಿಡಿಯಬಹುದಿತ್ತು. ಗಾಯವಿದ್ದರೆ ನಾಲ್ಕು ಜನಕ್ಕೆ ತೋರಿಸಬಹುದಿತ್ತು. ಇದನ್ನು ಯಾರಿಗೆ ಏನೆಂದು ತೋರಿಸುವುದು?

ಮನೆಯಲ್ಲಿ ಮಗಳ ಚೀಲ ಬಾಗಿಲ ಪಕ್ಕಕ್ಕೆ ಬಂದಿತ್ತು. ತುಂಬಿದವಳು ತಾಯಿ ಎಂದು ಬಟ್ಟೆ ಮಡಿಸಿದ ರೀತಿಯೇ ಹೇಳುತ್ತಿತ್ತು. ಮಗಳು ತಲೆ ಬಾಚಿಕೊಂಡು ಕುರ್ಚಿಯ ತುದಿಯಲ್ಲಿ ಕೂತಿದ್ದಳು. ಅಳಿಯ ಚಹಾ ಕುಡಿದು ಲೋಟ ಕೆಳಗಿಟ್ಟ. "ಹೊರಡೋಣವಾ?"

ಅವಳು ಎದ್ದಳು.

"ಅವಳು ಬರಲ್ಲ," ಎಂದ ಬಡಗಿ.

ಎಲ್ಲರೂ ಅವನ ಕಡೆ ತಿರುಗಿದರು. ಮಗಳೂ.

"ಏನ್ರೀ ಇದು, ಹೊತ್ತಿಲ್ಲದ ಹೊತ್ತಲ್ಲಿ," ಎಂದಳು ಬಡಗಿಯ ಹೆಂಡತಿ.

ಅಳಿಯನ ಮುಖ ಕೆಡಲಿಲ್ಲ. "ಯಾಕೆ ಮಾವ? ನನ್ನಿಂದ ತಪ್ಪಾಗಿದ್ದರೆ ಹೇಳಿ. ಎಲ್ಲರ ಮುಂದೆ ಹೇಳಿ. ಕೈ ಎತ್ತಿದ್ದೀನಾ? ಕೇಳಿ ಅವಳನ್ನೇ."

"ಎತ್ತಿಲ್ಲ."

"ಮತ್ತೆ?"

ಬಡಗಿ ಮಾತಿಗೆ ತಡಕಾಡಿದ. ಸಿಕ್ಕಿದ್ದು ಅದೊಂದೇ. "ಬಾಗಿಲಿಗೆ ಎಣ್ಣೆ ಹಾಕಿದ್ದೀಯ."

ಅಳಿಯ ನಕ್ಕ, ಮೊನ್ನೆ ಬಡಗಿ ನಕ್ಕ ಹಾಗೆಯೇ, ಗೊಳ್ಳೆಂದು. ತಾಯಿ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಗಂಡನಿಗೆ ಬಿಸಿಲು ತಾಗಿದೆ ಎಂದೇ ಅವಳು ನಂಬಿದ್ದು. ನಗದೆ ಇದ್ದವಳು ಮಗಳು ಒಬ್ಬಳೇ.

"ನೀನೂ ದಾರ ಎಳೆದ್ಯಾ ಅಪ್ಪ?" ಎಂದು ಕೇಳಿದಳು.

ಸುಳ್ಳು ಹೇಳಬಹುದಿತ್ತು. "ಹೂಂ. ಎಳೆದೆ."

ಅವಳು ತಲೆಯಾಡಿಸಿದಳು. ಬಗ್ಗಿ ಚೀಲವನ್ನು ಎತ್ತಿಕೊಂಡು ಒಳಗಿನ ಕೋಣೆಗೆ ಹೋದಳು.

ಅಳಿಯ ಜಗಳವಾಡಲಿಲ್ಲ. ಅಂಗಿಯ ತೋಳು ಸರಿಮಾಡಿಕೊಂಡ, ಕೋವಿಯ ಚೀಲ ಹೆಗಲಿಗೆ ಹಾಕಿದ, ಹಕ್ಕಿಯ ಬುಟ್ಟಿ ತೆಗೆದುಕೊಂಡ. ಕುಣಿಕೋಲಿಗೂ ಕೈ ಹಾಕಿದ.

"ಅದು ಇರಲಿ," ಎಂದ ಬಡಗಿ.

"ಕೊಟ್ಟ ಉಡುಗೊರೆ ವಾಪಸ್ ಕೇಳ್ತೀರಾ ಮಾವ?" ಅವನು ಅದನ್ನು ಬಗಲಿಗೆ ಸಿಕ್ಕಿಸಿಕೊಂಡ. ಬಡಗಿ ಕಿತ್ತುಕೊಳ್ಳಲಿಲ್ಲ. ಮೂವತ್ತು ವರ್ಷ ಗಿರಾಕಿಗಳಿಗೆ ಸಾಮಾನು ಒಪ್ಪಿಸಿದ ಕೈ ಅದು, ಕಿತ್ತುಕೊಂಡು ಅಭ್ಯಾಸವಿರಲಿಲ್ಲ.

"ಮತ್ತೆ ಯಾವಾಗ ಬರ್ತೀರಿ?" ಅತ್ತೆ ಅಳುವ ದನಿಯಲ್ಲಿ ಕೇಳಿದಳು.

"ಬರ್ತೀನಿ ಅತ್ತೆ. ಯಾವತ್ತು ಅಂತ ಹೇಳೋಕಾಗಲ್ಲ." ಒಳಕೋಣೆಗೂ ಕೇಳಿಸಲಿ ಎನ್ನುವಷ್ಟೇ ದನಿ ಎತ್ತಿ ಹೇಳಿದ. "ಒಂದಿನ ಬಂದುಬಿಡ್ತೀನಿ."

ಅವನು ಇಳಿದು ಹೋದ ಮೇಲೆ ಬಾಗಿಲು ತಾನೇ ಮುಚ್ಚಿಕೊಂಡಿತು, ಸದ್ದಿಲ್ಲದೆ.

ಆ ಮಧ್ಯಾಹ್ನ ಬಡಗಿ ಊಟ ಮಾಡಲಿಲ್ಲ. ಸುತ್ತಿಗೆ, ಉಳಿ, ಸೀಮೆಎಣ್ಣೆಯ ಡಬ್ಬಿ ತಂದು ಮೆಟ್ಟಿಲ ಮೇಲೆ ಕೂತು ಬಾಗಿಲು ಕಳಚಿದ. ಮೂರೂ ಬಿಜಾಗರಿಗಳ ಮೊಳೆ ಹೊಡೆದು ತೆಗೆದು, ಸೀಮೆಎಣ್ಣೆಯಲ್ಲಿ ಅದ್ದಿ, ವರ್ಷಗಳ ಜಿಡ್ಡೆಲ್ಲ ಹೋಗುವಂತೆ ಒರೆಸಿದ. ಅರದಿಂದ ಮೊಳೆಗಳನ್ನು ಗೀರಿದ. ಬೂದಿ ತಿಕ್ಕಿದ. ಮತ್ತೆ ಕೂರಿಸಿ ಎಳೆದು ನೋಡಿದ. ಬರೇ ಒಂದು ಸಣ್ಣ ಕುಂಯ್. ಒಳ್ಳೆಯ ಬಾಗಿಲು ಕೆಡಲು ಅಷ್ಟು ಸುಲಭಕ್ಕೆ ಒಪ್ಪುವುದಿಲ್ಲ. ಕಳಚಿ ಮತ್ತೆ ಗೀರಿದ.

"ಮನೆ ಮಗಳ ಸಂಸಾರ ಕೆಡಿಸಿದ್ದು ಸಾಲದು ಅಂತ ಬಾಗಿಲಿಗೆ ಬಂದರು," ಎಂದು ಹೆಂಡತಿ ಒಳಗಿನಿಂದ ಗೊಣಗಿದಳು. ಕ್ಷೌರಿಕ ಬೀದಿಯಾಚೆಯಿಂದ ಕೂಗಿ ಕೇಳಿದ, "ಏನಾಯ್ತು ಮೇಸ್ತ್ರಿ, ಬೆಣ್ಣೆ ಕರಗಿತಾ?" ಬಡಗಿ ಅರ ತಿಕ್ಕುತ್ತಲೇ ಇದ್ದ.

ಸಂಜೆಯ ಹೊತ್ತಿಗೆ ಬಾಗಿಲು ಕಿರ್ರೋ ಎಂದಿತು. ಬೀದಿಗೇ ಕೇಳುವಂಥ, ಹಲ್ಲು ಜುಮ್ಮೆನ್ನುವಂಥ ಸದ್ದು. ನೀರಿನ ಕೊಡ ಹಿಡಿದು ಕೆಳಗಿನಿಂದ ಬಂದ ಹೆಂಡತಿ ಮಂಡಿಯಿಂದ ಬಾಗಿಲು ತಳ್ಳಿದಳು. ತಳ್ಳಿ, ಆ ಕೂಗಿಗೆ ಬೆಚ್ಚಿ, ಗಂಡನಿಗೆ ಶಾಪ ಹಾಕಿದಳು.

ಒಳಗೆ ಮಗಳು ಬಾಗಿಲಿಗೆ ಬೆನ್ನು ಮಾಡಿ ಅಕ್ಕಿ ಆರಿಸುತ್ತಿದ್ದಳು. ಕುರ್ಚಿಯ ತುದಿಯಲ್ಲೇ ಕೂತಿದ್ದಳು. ಕೈ ಒಂದು ಕ್ಷಣ ನಿಂತಿತು.

"ಕೊಡ ಅಲ್ಲೇ ಇಡಮ್ಮ," ಎಂದಳು, ತಿರುಗಿ ನೋಡದೆ. "ನಾನು ಎತ್ತಿಕೊಳ್ತೀನಿ."